ಇಪ್ಪತ್ತನೇ ಬಟ್ಟೆ

ಬಟ್ಟೆಯಕ್ಕನಿಗೆ ಒಂಬತ್ತು ವರ್ಷದ ಮೆಕ್ಯಾನಿಕ್ ಕೂಲಿ ಇನ್ನೂ ಬರಬೇಕಿದೆ. ಗ್ಯಾರೇಜಿನಲ್ಲಿ ಅವಳಿಗೆ ಕೊಡುತ್ತಿದ್ದದ್ದು ಕಸ ಗುಡಿಸುವವರ ಕೂಲಿ. ಪ್ಲಗ್ ಉಜ್ಜುವವಳು ಅವಳು, ಬ್ರೇಕ್ ಬಿಚ್ಚುವವಳು ಅವಳು, ಮೇಸ್ತ್ರಿಗಳು ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಅವರ ಅರ್ಧ ಕೆಲಸ ಮುಗಿಸಿಡುವವಳೂ ಅವಳೇ. ಎಣ್ಣೆ ಒರೆಸುವ ಹಳೇ ಬಟ್ಟೆಗಳನ್ನು ಒಗೆಯುವುದೂ ಅವಳ ತಲೆಗೇ ಬಿದ್ದದ್ದರಿಂದ ಈ ಹೆಸರು ಅಂಟಿಕೊಂಡಿತ್ತು.

ಬೆಳಿಗ್ಗೆ ಇಪ್ಪತ್ತು ಬಟ್ಟೆ ಎಣಿಸಿ ಹಂಚಬೇಕು, ಸಂಜೆ ಇಪ್ಪತ್ತು ಎಣಿಸಿ ವಾಪಸ್ ಪಡೆಯಬೇಕು. ಒಂದು ಕಮ್ಮಿಯಾದರೂ ಸಾಹುಕಾರ ಅವಳ ಕೂಲಿಯಲ್ಲೇ ಮುರಿದುಕೊಳ್ಳುತ್ತಿದ್ದ. ಹರಕು ಚಿಂದಿಗೂ ದಂಡ ಹಾಕುವ ಆಸಾಮಿ.

“ಇಲ್ಲೂ ಒಗೀತೀಯ, ಅಲ್ಲೂ ಒಗೀತೀಯ,” ಎಂದು ಮನೆಯಲ್ಲಿ ಅತ್ತೆ ಚುಚ್ಚುತ್ತಿದ್ದರು. “ಬಸ್ ಚಾರ್ಜ್ ದಂಡ ಕಣೇ.”

ಒಂದು ಸೋಮವಾರ ನರ್ಸಮ್ಮನ ಕಾರು ಸರ್ವೀಸಿಗೆ ಬಂತು. ಮೂವತ್ತು ವರ್ಷದ ಗಾಡಿ, ಒಂದು ಬಾಗಿಲಿನ ಬಣ್ಣವೇ ಬೇರೆ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ಕಟ್ಟುವ ನರ್ಸಮ್ಮನಿಗೆ ಅದೇ ಕೈಕಾಲು. ಹಿರಿ ಮೇಸ್ತ್ರಿ ಎಣ್ಣೆ ಬದಲಾಯಿಸಿ, ಗಾಳಿಯ ಫಿಲ್ಟರ್ ಹೊಸದು ಹಾಕಿ, ಸಂಜೆ ಕೀಲಿ ತಿರುಗಿಸಿದ. ಗಾಡಿ ಗುರ್ ಎಂದು ಎದ್ದಿತು. ಹತ್ತು ಎಣಿಸುವಷ್ಟರಲ್ಲಿ ಕೆಮ್ಮಿ ಕೂತಿತು. ಮತ್ತೆ ತಿರುಗಿಸಿದರೆ ಮತ್ತೆ ಅದೇ ಕತೆ.

ಪೆಟ್ರೋಲ್ ಸಾಲುತ್ತಿಲ್ಲವೆಂದು ಮೇಸ್ತ್ರಿ ಎರಡು ದಿನ ಅದರ ಬೆನ್ನು ಹತ್ತಿದ. ಪಂಪ್ ಬದಲಾಯಿತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ಊದಿ ಕಟ್ಟಿದ್ದಾಯಿತು. ಗಾಡಿ ಜಪ್ಪಯ್ಯ ಎನ್ನಲಿಲ್ಲ. ಬುಧವಾರ ನರ್ಸಮ್ಮ ಬಂದು ನಿಂತಾಗ, “ವಯಸ್ಸಾಗಿದೆ ಮೇಡಂ, ಗುಜರಿಗೆ ಹಾಕಿಬಿಡಿ,” ಅಂದ.

“ನಿಮಗೂ ಅರವತ್ತು ದಾಟಿದೆ ಮೇಸ್ತ್ರಿ. ನಿಮ್ಮನ್ನ ಎಲ್ಲಿಗೆ ಹಾಕೋಣ?” ಅಂದರು ನರ್ಸಮ್ಮ. “ನಿಮ್ಮ ಕೈಗೆ ಕೊಡೋವರೆಗೂ ಇದು ನೆಟ್ಟಗೇ ಓಡ್ತಿತ್ತು.”

ಅಷ್ಟರಲ್ಲಿ ಆ ಗಾಡಿಯ ಪ್ಲಗ್‌ಗಳು ಉಜ್ಜಲು ಬಟ್ಟೆಯಕ್ಕನ ಕೈಗೆ ಬಂದಿದ್ದವು. ನಾಲ್ಕೂ ಕಾಡಿಗೆ ಬಳಿದಂತೆ ಕರ್ರಗಿದ್ದವು. ಸೀಮೆಎಣ್ಣೆ ದೀಪಕ್ಕೆ ಗಾಳಿ ಸಾಲದಿದ್ದರೆ ಗಾಜು ಮಸಿ ಹಿಡಿಯುವುದನ್ನು ನೋಡಿ ಬೆಳೆದವಳು ಅವಳು.

“ಮೇಸ್ತ್ರಿ, ಇದು ಪೆಟ್ರೋಲ್ ಸಾಲದೆ ನಿಲ್ತಿಲ್ಲ. ಉಸಿರು ಕಟ್ತಿದೆ.”

“ಹೌದಾ ಡಾಕ್ಟರಮ್ಮಾ? ಫಿಲ್ಟರ್ ನಾನೇ ಹೊಸದು ಹಾಕಿದೀನಿ. ಹೋಗಿ ಬಟ್ಟೆ ಎಣಿಸ್ಕೋ ಹೋಗು.”

ಎಣಿಸು ಎಂದದ್ದೇ ತಡ, ಅವಳ ಕೈ ನಿಂತಿತು. ಸೋಮವಾರ ಸಂಜೆ ಸಿಕ್ಕಿದ್ದು ಹತ್ತೊಂಬತ್ತೇ. ಇಲ್ಲದ್ದು ನೀಲಿ ಗೀರಿನ ಹಾಸಿಗೆ ಬಟ್ಟೆಯ ತುಂಡು. ಬೆಳಿಗ್ಗೆ ಅದನ್ನು ಹಿರಿ ಮೇಸ್ತ್ರಿಗೇ ಕೊಟ್ಟಿದ್ದಳು.

ಅವಳು ನೇರ ಸಾಹುಕಾರನ ಮೇಜಿನ ಮುಂದೆ ಹೋಗಿ ನಿಂತಳು.

“ಈ ಗಾಡಿ ಈಗ್ಲೇ ಓಡಿಸ್ತೀನಿ. ಓಡಿದ್ರೆ ನಾಳೆಯಿಂದ ನಾನು ಮೆಕ್ಯಾನಿಕ್ಕು, ಕೂಲಿನೂ ಅದೇ. ಓಡದಿದ್ರೆ ಕೆಲಸ ಬಿಟ್ಟು ಹೋಗ್ತೀನಿ.”

ಸಾಹುಕಾರ ಹೊಟ್ಟೆ ಕುಣಿಸಿ ನಕ್ಕ. “ಆಯ್ತಮ್ಮ, ಇಷ್ಟು ಜನದ ಮುಂದೆ ಮಾತು ಕೊಟ್ಟೆ.”

“ಮಾತು ಬೇಡ, ಬರೆದು ಕೊಡಿ,” ಅಂದರು ನರ್ಸಮ್ಮ. ಬಿಲ್ಲಿನ ಹಿಂಬದಿಯಲ್ಲೇ ಬರೆಸಿಕೊಂಡು ಮಡಚಿ ಚೀಲಕ್ಕೆ ಹಾಕಿಕೊಂಡರು.

ಫಿಲ್ಟರ್ ಡಬ್ಬಿಯಿಂದ ಕಾರ್ಬೊರೇಟರಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪನ್ನು ಬಟ್ಟೆಯಕ್ಕ ಕಳಚಿದಳು. ಎರಡು ಬೆರಳು ಹಾಕಿದಳು. ಏನೂ ಸಿಗಲಿಲ್ಲ. ಮೇಸ್ತ್ರಿ ಮೀಸೆಯಡಿ ನಕ್ಕ. ಅವಳು ಒಂದು ತಂತಿಯ ತುದಿ ಬಗ್ಗಿಸಿ ಪೈಪಿನ ತಿರುವಿನವರೆಗೆ ತೂರಿಸಿ ಎಳೆದಳು. ಬೆಕ್ಕಿನ ಬಾಲದಂತೆ ನೀಲಿ ಗೀರು ಹೊರಗೆ ಬಂತು.

ಫಿಲ್ಟರ್ ಬದಲಿಸುವಾಗ ಪೈಪ್ ಒರೆಸಲು ತುರುಕಿದ ಬಟ್ಟೆಯನ್ನು ಮೇಸ್ತ್ರಿ ಅಲ್ಲೇ ಮರೆತಿದ್ದ. ಗಾಡಿ ಎದ್ದು ಜೋರಾಗಿ ಉಸಿರೆಳೆದರೆ ಬಟ್ಟೆ ಗಂಟಲಿಗೆ ಬಿಗಿಯುತ್ತಿತ್ತು, ನಿಂತರೆ ಸಡಿಲಾಗುತ್ತಿತ್ತು.

ಪೈಪ್ ಕೂರಿಸಿ, ಪ್ಲಗ್ ಹಾಕಿ, ಕೀಲಿ ತಿರುಗಿಸಿದಳು. ಹತ್ತು ಎಣಿಸಿದಳು. ಐವತ್ತು. ನೂರು. ಗಾಡಿ ನಿಲ್ಲಲಿಲ್ಲ. ನರ್ಸಮ್ಮ ಕಿಟಕಿಯಿಂದ ಕೈ ತೂರಿಸಿ ಬೀದಿಗೆಲ್ಲ ಕೇಳುವಂತೆ ಹಾರ್ನ್ ಒತ್ತಿದರು. ವೆಲ್ಡಿಂಗಿನವನು ತಗಡು ಬಡಿದು ಕೂಗಿದ.

ಬಟ್ಟೆಯಕ್ಕ ಆ ಚಿಂದಿಯನ್ನು ಸಾಹುಕಾರನ ಮೇಜಿನ ಮೇಲೆ ಹರಡಿದಳು. “ಇಪ್ಪತ್ತು. ಲೆಕ್ಕ ಸರಿಹೋಯ್ತು. ಸೋಮವಾರ ಮುರ್ಕೊಂಡಿದ್ದು ಕೊಡಿ.”

ಕೊಟ್ಟ. ಮೆಕ್ಯಾನಿಕ್ ಕೂಲಿಗೂ ಒಪ್ಪಿದ. ನರ್ಸಮ್ಮನ ಚೀಲದಲ್ಲಿ ಚೀಟಿ ಇತ್ತಲ್ಲ!

ಅಂದು ಸಂಜೆ ಅತ್ತೆ ಕಾಂಪೌಂಡ್ ಗೋಡೆಯ ಮೇಲಿಂದ ಕತ್ತು ಚಾಚಿ, “ನಮ್ಮ ಸೊಸೆ ಇನ್ಮೇಲೆ ಬಟ್ಟೆ ಒಗೆಯಲ್ಲ!” ಎಂದು ನೆರೆಯವರಿಗೆ ಸಾರಿದರು. ಆಮೇಲೆ ಎಚ್ಚೆತ್ತುಕೊಂಡು, “ಗ್ಯಾರೇಜಲ್ಲಿ,” ಎಂದು ಸೇರಿಸಿದರು.

ಈಗ ಆ ಗ್ಯಾರೇಜಿನಲ್ಲಿ ಅವರವರ ಬಟ್ಟೆ ಅವರೇ ಒಗೆಯುತ್ತಾರೆ. ಹಿಂದಿನ ಒಂಬತ್ತು ವರ್ಷದ ಮಾತೆತ್ತಿದರೆ ಮಾತ್ರ ಸಾಹುಕಾರನಿಗೆ ಕಿವಿ ಕೇಳಿಸುವುದಿಲ್ಲ. ನಿಮ್ಮ ಗಾಡಿಯೂ ಎಲ್ಲೋ ಒಂದು ಕಡೆ ರಿಪೇರಿಗೆ ಹೋಗುತ್ತದಲ್ಲ? ಕೆಲಸ ಮಾಡಿದವರು ಯಾರು, ಅವರಿಗೆ ಯಾವ ಕೂಲಿ ಕೊಡುತ್ತೀರಿ ಎಂದು ಕೇಳಿ. ಉತ್ತರ ಬರುವವರೆಗೆ ಅಲ್ಲಿಂದ ಕದಲಬೇಡಿ.