ದಾರ ದಾಟಿದವಳು

ಹುವೆಯ್ ಪಟ್ಟಣದಲ್ಲಿ ಲ್ಯಾವ್ ಮೇಸ್ತ್ರಿಯ ಬೈಕ್ ರಿಪೇರಿ ಅಂಗಡಿ ಎಲ್ಲಿ ಎಂದರೆ ಎಳೆಮಕ್ಕಳೂ ಸಕ್ಕರೆ ಕಾರ್ಖಾನೆಯ ಸೇತುವೆ ಕಡೆಗೆ ಕೈ ತೋರಿಸುತ್ತಿದ್ದರು. ಅದೇ ಮೇಸ್ತ್ರಿಯ ಹೆಂಡತಿಯ ಹೆಸರೇನು ಎಂದು ಕೇಳಿದರೆ ಪಕ್ಕದ ಎಲೆಯಡಿಕೆ ಅಂಗಡಿಯವನೂ ತಲೆ ಕೆರೆದುಕೊಳ್ಳುತ್ತಿದ್ದ. ಅವಳ ಹೆಸರು ಕುಯ್‌ಹಾ. ಮದುವೆಯಾಗಿ ಬಂದಾಗಿನಿಂದ ಅವಳು ಬೈಕುಗಳ ಹಿಂದೆ ಕುಕ್ಕರಗಾಲಲ್ಲಿ ಕೂತೇ ಇದ್ದಳು. ಊರವರು ಅವಳ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ಕಂಡಿದ್ದರು.

ಬಿದ್ದು ಬಂದ ಬೈಕಿಗೆ ಹೊಸ ದೀಪ, ಹೊಸ ಕನ್ನಡಿ ಹಾಕುವುದು ಯಾರಿಗೆ ಬರುವುದಿಲ್ಲ? ಎರಡು ಚಕ್ರಗಳೂ ಒಂದೇ ಗೆರೆಯಲ್ಲಿ ಓಡುತ್ತವೋ ಇಲ್ಲವೋ ಎಂಬುದೇ ಅಸಲು ಸಂಗತಿ. ಅದಕ್ಕೆ ಮೇಸ್ತ್ರಿಯ ಬಳಿ ಇದ್ದದ್ದು ಒಂದು ಉದ್ದನೆಯ ದಾರ. ಅದನ್ನು ಹಿಂದಿನ ಟೈರಿನ ಹಿಂಬದಿಗೆ ಸುತ್ತಿ, ಎರಡೂ ತುದಿಗಳನ್ನು ಬೈಕಿನ ಎರಡು ಪಕ್ಕದಿಂದ ಮುಂದಕ್ಕೆ ಎಳೆದು ತಂದು, ಅವನು ಮುಂದಿನ ಚಕ್ರದ ಎದುರು ಮಂಡಿಯೂರುತ್ತಿದ್ದ. ಆಮೇಲೆ ಒಂದೊಂದೇ ತುದಿಯನ್ನು ನಿಧಾನಕ್ಕೆ ಒಳಗೆ ತರುತ್ತಿದ್ದ. ದಾರ ಹಿಂದಿನ ಟೈರಿನ ಮುಂದಂಚಿಗೆ ತಾಗಿದ ಕೂಡಲೇ, ಹಿಂದೆ ಕೂತ ಕುಯ್‌ಹಾ "ತಾಗ್ತು" ಅನ್ನಬೇಕು. ಅವನು ತುದಿಯನ್ನು ಅಲ್ಲೇ ಇಟ್ಟಿಗೆಯಡಿ ಸಿಕ್ಕಿಸಿ, ಮುಂದಿನ ಚಕ್ರದ ಎಡಕ್ಕೂ ಬಲಕ್ಕೂ ದಾರದ ಸಂದು ಸಮ ಇದೆಯೇ ಎಂದು ನೋಡುತ್ತಿದ್ದ. ಇಲ್ಲವಾದರೆ ಹಿಂದಿನ ಚಕ್ರದ ನಟ್ಟು ತಿರುಗಿಸಿ, ಮತ್ತೆ ಮೊದಲಿನಿಂದ. ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. "ಪಟ್ಟಿ ಬೇಕಾಗೋದು ಕಣ್ಣಿಲ್ಲದೋರಿಗೆ" ಎಂದು ಮೀಸೆ ತಿರುವುತ್ತಿದ್ದ.

ಕೊನೆಗೆ ಅವನದೇ ಒಂದು ಆಟ. ರಿಪೇರಿಯಾದ ಬೈಕನ್ನು ಸೇತುವೆಯತ್ತ ಓಡಿಸಿಕೊಂಡು ಹೋಗಿ, ಸೇತುವೆ ಹತ್ತಿದ ಮೇಲೆ ಎರಡೂ ಕೈ ಬಿಟ್ಟು ರೆಕ್ಕೆಯ ಹಾಗೆ ಚಾಚುತ್ತಿದ್ದ. ಬೈಕು ಕೂದಲೆಳೆಯಷ್ಟೂ ವಾಲದೆ ನೆಟ್ಟಗೆ ಹೋಗುತ್ತಿತ್ತು. ನೋಡಲೆಂದೇ ಜನ ಅಂಗಡಿ ಮುಂದೆ ನಿಲ್ಲುತ್ತಿದ್ದರು. ತಲೆಗೆ ಹೆಲ್ಮೆಟ್ಟೂ ಇಲ್ಲ. ಅದನ್ನು ಹಾಕಿಕೊಂಡರೆ ತನ್ನ ಕೆಲಸದ ಮೇಲೆ ತನಗೇ ಅನುಮಾನ ಇದ್ದ ಹಾಗಂತೆ.

ಆ ದಾರಕ್ಕೆ ಮಡಿ ಬೇರೆ. ಹೆಂಗಸು ಅದನ್ನು ದಾಟಬಾರದು, ಮುಂದಿನಿಂದ ನೋಡಲೂಬಾರದು. ಅವನ ಗುರುವಿನ ಅಂಗಡಿಯಲ್ಲೂ ಹಾಗೇ ಇತ್ತು, ಗುರುವಿನ ಗುರುವಿನ ಅಂಗಡಿಯಲ್ಲೂ ಹಾಗೇ. ದಾರ ಹಾಸಿದ್ದಾಗ ಕುಯ್‌ಹಾ ಅಂಗಡಿಯ ಹಿಂದಿನ ಅಡುಗೆಮನೆಯಿಂದ ಬೀದಿಗೆ ಬರಬೇಕಾದರೆ ಹಿತ್ತಲಿನಿಂದ ಹೊರಟು, ನಾಲ್ಕು ಮನೆ ಸುತ್ತಿ ಬರುತ್ತಿದ್ದಳು. ಅವನಿಗೆ ತರುವ ಅನ್ನ ಅಷ್ಟರಲ್ಲಿ ಆರಿಹೋದರೆ ಅದಕ್ಕೂ ಅವಳಿಗೇ ಬೈಗುಳ.

ಹಿಂದಿನ ವರ್ಷ ಶಾಕ್ ಅಬ್ಸಾರ್ಬರ್ ಬಿಚ್ಚುವಾಗ ಸ್ಪ್ರಿಂಗು ಚಿಮ್ಮಿ ಮೇಸ್ತ್ರಿಯ ಬಲಗಣ್ಣಿಗೆ ಬಡಿಯಿತು. ಊತ ಇಳಿಯಿತು, ಕಣ್ಣು ನೋಡಲು ಮೊದಲಿನ ಹಾಗೇ ಇತ್ತು. "ಏನೂ ಆಗಿಲ್ಲ" ಎಂದು ಊರಿಗೆಲ್ಲ ಸಾರಿದ, ಸೇತುವೆಯ ಆಟವನ್ನು ಮಾತ್ರ ಕೆಲವು ದಿನ ಬಿಟ್ಟಿದ್ದ. ಆದರೆ ಅವತ್ತಿನಿಂದ ಅವನಿಗೆ ಯಾವ ಬೈಕು ನೋಡಿದರೂ ಬಲಗಡೆಯ ಸಂದು ಕಿರಿದಾಗಿ ಕಾಣತೊಡಗಿತು. ನೆಟ್ಟಗಿದ್ದ ಬೈಕಿಗೂ "ಬಲಕ್ಕೆ ಬಿಗಿ ಇದೆ" ಎಂದು ನಟ್ಟು ತಿರುಗಿಸುವನು. ಹೊಸ ಬೈಕಿಗೂ ಅದೇ ಮಾತು ಹೇಳಿದ ದಿನ ಕುಯ್‌ಹಾಳಿಗೆ ಅರ್ಥವಾಯಿತು. ಹೇಳಿದರೆ ಒದೆ ಬೀಳುತ್ತದೆ. ಹೇಳದಿದ್ದರೆ ಯಾರದೋ ತಲೆ ಒಡೆಯುತ್ತದೆ.

ಅವಳು ಕಂಡುಕೊಂಡ ಉಪಾಯ ಇಷ್ಟೇ: ಬಲಗಡೆಯ ದಾರ ಟೈರಿಗೆ ತಾಗುವ ಮೊದಲೇ, ಇನ್ನೊಂದು ಅಕ್ಕಿಕಾಳಿನಷ್ಟು ಜಾಗ ಇರುವಾಗಲೇ, "ತಾಗ್ತು" ಅಂದುಬಿಡುವುದು. ಆಗ ಬಲಗಡೆಯ ದಾರ ಹೊರಕ್ಕೇ ನಿಲ್ಲುತ್ತದೆ, ಸಂದು ದೊಡ್ಡದಾಗುತ್ತದೆ, ಅವನ ಹಾಳು ಕಣ್ಣಿಗೆ ಎರಡೂ ಸಮ ಕಾಣುತ್ತವೆ. ಮೊದಮೊದಲು ಅಳತೆ ತಪ್ಪಿತು. ಗಿರಾಕಿ ಹೊರಟ ಮೇಲೆ ಹಿತ್ತಲಿನಿಂದ ಓಡಿಬಂದು, ಬೈಕು ನೆಟ್ಟಗೆ ಹೋಗುತ್ತದೋ ವಾಲುತ್ತದೋ ಎಂದು ನೋಡಿ ನೋಡಿ ಪಳಗಿದಳು. ಮೇಸ್ತ್ರಿ ಮತ್ತೆ ಸೇತುವೆ ಮೇಲೆ ಕೈ ಚಾಚಿದ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವಳದು ಎಂದು ಯಾರಿಗೆ ಗೊತ್ತು! ಅವಳಿಗೆ ಗೊತ್ತಿತ್ತು, ಹೊಟ್ಟೆಯೊಳಗೆ ಸಣ್ಣ ಖುಷಿಯೂ ಇತ್ತು.

ಹೀಗಿರುವಾಗ ಕಡಲ ಕಡೆಯ ಊರಿನಲ್ಲಿ ಅವಳ ಅಕ್ಕ ತೀರಿಕೊಂಡಳು. ಬೆಳಿಗ್ಗೆ ಸುದ್ದಿ ಬಂದಾಗ ಅಂಗಡಿಯಲ್ಲಿ ಬಾತುಮೊಟ್ಟೆ ಮಾರುವ ಆ-ತಿಂಗನ ಬೈಕು ನಿಂತಿತ್ತು. ಅವನು ನಾಯಿ ತಪ್ಪಿಸಲು ಹೋಗಿ ಬಿದ್ದಿದ್ದ; ಮೇಸ್ತ್ರಿ ಮುಂದಿನ ಫೋರ್ಕ್ ಬದಲಾಯಿಸಿಯಾಗಿತ್ತು. ದಾರ ನೆಲದ ಮೇಲೆ ಹಾಸಿತ್ತು. ಕಣ್ಣೀರಿನಲ್ಲಿ ಏನೂ ಕಾಣದೆ ಕುಯ್‌ಹಾ ಗಂಟು ಹಿಡಿದು ನೇರ ಬಾಗಿಲಿಗೆ ನಡೆದಳು. ದಾರ ದಾಟಿದ್ದು ಅವಳ ಗಮನಕ್ಕೇ ಬರಲಿಲ್ಲ. ಎಲೆಯಡಿಕೆ ಅಂಗಡಿಯಲ್ಲಿದ್ದವರೆಲ್ಲ ನೋಡಿದರು.

ಅವಳಿಲ್ಲದ್ದರಿಂದ ಆ-ತಿಂಗನೇ ತನ್ನ ಬೈಕಿನ ಹಿಂದೆ ಕೂತ. ಪಾಪದವನು, ದಾರ ತಾಗಿದಾಗ ತಾಗಿತು ಎಂದ. ಮೇಸ್ತ್ರಿ ನಟ್ಟು ತಿರುಗಿಸಿದ. ಸಂತೆಗೆ ಹೊತ್ತಾಯಿತೆಂದು ಆ-ತಿಂಗ, ಮೇಸ್ತ್ರಿ ಸೇತುವೆಗೆ ಹೋಗಿಬರುವುದನ್ನೂ ಕಾಯದೆ ಮೊಟ್ಟೆ ಬುಟ್ಟಿ ಕಟ್ಟಿ ಹೊರಟ. ಬೈಕು ಎಡಕ್ಕೆ ಎಳೆದು ರಸ್ತೆ ನಡುವಿನ ಕಟ್ಟೆಗೆ ಗುದ್ದಿತು. ಮೊಟ್ಟೆಯೆಲ್ಲ ರಸ್ತೆಗೆ, ಮುರಿದ ಕೈ ಕುತ್ತಿಗೆಗೆ ಕಟ್ಟಿದ ಜೋಳಿಗೆಗೆ.

ಕುಯ್‌ಹಾ ಅಕ್ಕನ ಕೆಲಸ ಮುಗಿಸಿ ಮರಳಿದಾಗ ಅಂಗಡಿಯೆದುರು ಜಾತ್ರೆ ನೆರೆದಿತ್ತು. ಆ-ತಿಂಗ ಮುರಿದ ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡು ನಿಂತಿದ್ದ. ಅವನ ಬೈಕು ಮತ್ತೆ ಅದೇ ಜಾಗದಲ್ಲಿತ್ತು.

"ಬಂದ್ಲು ನೋಡಿ ಮಹಾತಾಯಿ!" ಎಂದ ಮೇಸ್ತ್ರಿ. "ದಾರ ದಾಟಿ ಹೋದ್ಯಲ್ಲೇ. ಇವನ ಕೈ ಮುರೀತು."

"ದಾರ ದಾಟಿದ್ದಕ್ಕೆ ಚಕ್ರ ಸೊಟ್ಟ ಆಗುತ್ತಾ? ಒಂದ್ಸಲ ನಾನು ಮುಂದಿನಿಂದ ನೋಡ್ಲಾರೀ?" ಎಂದಳು ಕುಯ್‌ಹಾ ಮೆಲ್ಲಗೆ.

"ಮುಂದಿನಿಂದ ನೋಡೋಕೆ ಕಣ್ಣು ಬೇಕು ಕಣೇ. ನಿನ್ನ ಮುಖದಲ್ಲಿರೋದು ಎರಡು ತೂತು!"

ಎಲೆಯಡಿಕೆ ಉಗುಳುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಆ-ತಿಂಗನೂ ನಕ್ಕ. "ಅತ್ತಿಗೆ, ನಿಮ್ಮ ಕಾಲು ಭಾರೀ ಪವರ್ರು. ನಮ್ಮ ಬಾತುಕೋಳಿ ದೊಡ್ಡಿ ಕಡೆ ಮಾತ್ರ ಬರಬೇಡಿ ಮಾರಾಯ್ತಿ" ಎಂದ. ಕಷ್ಟಪಟ್ಟು ಇಷ್ಟು ದಿನ ಇವರ ತಲೆ ಕಾದದ್ದು ಇದಕ್ಕೇನಾ ಎಂದು ಅವಳಿಗೆ ಮೈ ಉರಿಯಿತು.

ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಅಂಗಡಿ ಮೂಲೆಯ ಭೂಮಿದೇವರ ಮುಂದೆ ಅವಳನ್ನು ಮಂಡಿಯೂರಿಸಿದ. ಹಳೆಯ ದಾರವನ್ನು ಅವಳ ಕೈಯಿಂದಲೇ ಕಾಗದದ ಕಾಣಿಕೆ ಸುಡುವ ಡಬ್ಬಿಯಲ್ಲಿ ಸುಡಿಸಿದ. ಧೂಪದ ಬೂದಿ ಕಲಸಿದ ನೀರನ್ನು ಅವಳ ಎರಡೂ ಪಾದಕ್ಕೆ ಸುರಿದು, "ಹೇಳು, ನನ್ನ ಕಾಲಿನ ಮೈಲಿಗೆಯಿಂದ ಹೀಗಾಯ್ತು ಅಂತ. ಅವನ ಕಾಲು ಮುಟ್ಟಿ ಹೇಳು" ಎಂದ. ಅಕ್ಕನ ಸೂತಕದ ಬಟ್ಟೆಯಲ್ಲೇ ಇದ್ದ ಅವಳು ಆ-ತಿಂಗನ ಚಪ್ಪಲಿ ಮುಟ್ಟಿ ಹೇಳಿದಳು. ಅಕ್ಕ ಹೋದದ್ದು ಹೇಗೆ ಎಂದು ಒಬ್ಬನೂ ಕೇಳಲಿಲ್ಲ.

"ಸರಿ ಮೇಸ್ತ್ರಿ. ಆದ್ರೆ ಈ ಸಲ ಮೊದಲು ನೀವೇ ಓಡಿಸಿ ತೋರಿಸಬೇಕು. ಕೈ ಬಿಟ್ಟು!" ಎಂದ ಆ-ತಿಂಗ.

"ಒಂದಲ್ಲ, ಎರಡೂ ಕೈ ಬಿಡ್ತೀನಿ. ಬೇಕಾದ್ರೆ ಹಾಡೂ ಹೇಳ್ತೀನಿ" ಎಂದ ಮೇಸ್ತ್ರಿ. ಹೊಸ ದಾರ ಬಿಚ್ಚಿ, ಹೆಂಡತಿಯ ಕಡೆ ಬೆರಳು ಮಾಡಿದ. "ಕೂತ್ಕೋ ಹಿಂದೆ. ನೆಟ್ಟಗೆ ಹೇಳು. ತಾಗಿದ ಮೇಲೇ ತಾಗ್ತು ಅನ್ನು. ಒಂದು ಕೂದಲು ಹೆಚ್ಚುಕಮ್ಮಿ ಆದ್ರೂ ನಿನ್ನ ಹಲ್ಲು ಉದುರಿಸ್ತೀನಿ."

ಕುಯ್‌ಹಾ ಕೂತಳು. ಒದ್ದೆ ಪಾದಗಳ ಕೆಳಗೆ ಬೂದಿ ಕೆಸರಾಗಿತ್ತು. ಎಡಗಡೆಯ ದಾರ ಬಂತು. "ತಾಗ್ತು." ಬಲಗಡೆಯದು ನಿಧಾನವಾಗಿ ಬರುತ್ತಿತ್ತು. ಅಕ್ಕಿಕಾಳಿನಷ್ಟು ಜಾಗ ಉಳಿದ ಕ್ಷಣ ಅವಳಿಗೆ ಚೆನ್ನಾಗಿಯೇ ಕಂಡಿತು, ನಾಲಗೆ ಅಭ್ಯಾಸದಿಂದ ಮೇಲೆದ್ದಿತು. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಸೇತುವೆ ಮೇಲೆ ಏನಾಗುತ್ತದೆ ಎಂಬುದು ಅವಳಿಗೆ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಗಂಡನ ಮೇಲೆ ಕನಿಕರ ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ದಾರ ರಬ್ಬರಿಗೆ ಒತ್ತಿದ ಮೇಲೆ, "ತಾಗ್ತು" ಎಂದಳು.

"ಬಲಕ್ಕೆ ಬಿಗಿ ಇದೆ. ನೋಡಿದ್ರಾ, ಮೈಲಿಗೆ ಹೇಗೆ ಕೂತ್ಕೊಂಡಿದೆ!" ಎಂದು ಮೇಸ್ತ್ರಿ ಜನಕ್ಕೆ ಹೇಳಿ ನಟ್ಟು ತಿರುಗಿಸಿದ. ಮತ್ತೆ ದಾರ ಎಳೆದ. ಅವಳು ಮತ್ತೆ ನಿಜವನ್ನೇ ಹೇಳಿದಳು. ಅವನು ಇನ್ನೊಂದಿಷ್ಟು ತಿರುಗಿಸಿದ. ಅವನ ಕಣ್ಣಿಗೆ ಎರಡೂ ಸಂದು ಸಮವಾಗುವವರೆಗೆ ಇದು ನಡೆಯಿತು.

ಎದ್ದು, ಕೈ ಒರೆಸಿ, ಬೈಕು ಹತ್ತಿದ. ಸೇತುವೆ ಹತ್ತುವವರೆಗೆ ಹ್ಯಾಂಡಲ್ಲನ್ನು ಬಲವಾಗಿ ಹಿಡಿದಿದ್ದ. ಎಳೆತ ಕೈಗೆ ಗೊತ್ತಾಗಿರಲೇಬೇಕು. ಆದರೆ ಅಷ್ಟು ಜನ ನೋಡುತ್ತಿರುವಾಗ ಹಿಂದಿರುಗಿ ಬರುವ ಗಂಡಸು ಅವನಲ್ಲ. ಎರಡೂ ಕೈ ಚಾಚಿದ. ಬೈಕು ಎಡಕ್ಕೆ ಹೊರಳಿತು, ನಡುವಿನ ಕಟ್ಟೆಗೆ ಬಡಿಯಿತು, ಅವನ ಮುಖ ಕಾಂಕ್ರೀಟಿಗೆ ಉಜ್ಜಿಕೊಂಡು ಹೋಯಿತು. ಜನ ಹೋ ಎಂದು ಓಡಿದರು. ಕುಯ್‌ಹಾ ಕೂತಲ್ಲಿಂದ ಏಳಲಿಲ್ಲ. ಕಾಲು ಜೋಮು ಹಿಡಿದಿತ್ತು, ಎದ್ದೇಳುವ ಮನಸ್ಸೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಎರಡೂ ಕೈಗೆ ಹಲಗೆ. ಎಡಗಣ್ಣು ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿಯಾಗಿತ್ತು. ಕುಯ್‌ಹಾ ಗೆಣಸಿನ ಗಂಜಿ ತಂದು ಚಮಚದಲ್ಲಿ ಉಣಿಸುತ್ತಿದ್ದಳು.

"ಲೇ," ಎಂದ ಮೇಸ್ತ್ರಿ ತುತ್ತು ನುಂಗಿ. "ಅವತ್ತು ದಾರ ನಿಜವಾಗ್ಲೂ ತಾಗಿತ್ತಾ?"

"ತಾಗಿತ್ತು. ಅವತ್ತು ನಿಜ ಹೇಳ್ದೆ. ಅದಕ್ಕೆ ಮುಂಚೆ ಒಂದು ವರ್ಷದಿಂದ ಸುಳ್ಳು ಹೇಳ್ತಿದ್ದೆ."

"ಏನಂದೆ?"

"ನಿಮ್ಮ ಬಲಗಣ್ಣು ಹೋಗಿ ವರ್ಷ ಆಯ್ತು. ಬಲಗಡೆ ದಾರ ತಾಗೋ ಮುಂಚೇನೇ ತಾಗ್ತು ಅಂತಿದ್ದೆ. ಅದಕ್ಕೇ ಬೈಕು ನೆಟ್ಟಗೆ ಹೋಗ್ತಿದ್ವು. ಅಕ್ಕನ ಮನೆಗೆ ಹೋದ ದಿನ ನಾನಿರ್ಲಿಲ್ಲ, ಆ-ತಿಂಗ ಬಿದ್ದ. ನಿಮಗೆ ನಿಜ ಬೇಕು ಅಂದ್ರಿ, ಕೊಟ್ಟೆ."

ಅವನ ಗಲ್ಲದ ಮೇಲೆ ಗಂಜಿ ಇಳಿಯುತ್ತಿತ್ತು. ಅವಳು ಒರೆಸಲಿಲ್ಲ. ಆಮೇಲೆ ಅವನು ಪಿಸುಗುಟ್ಟಿದ: "ನಿನ್ನ ದಮ್ಮಯ್ಯ ಕಣೇ. ಕಣ್ಣಿನ ವಿಷಯ ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡ."

"ನಿನ್ನೇನೇ ಹೇಳಿಬಿಟ್ಟೆ," ಎಂದಳು ಕುಯ್‌ಹಾ ಇನ್ನೊಂದು ಚಮಚ ತುಂಬುತ್ತ. "ಎಲೆಯಡಿಕೆ ಅಂಗಡಿ ಮುಂದೆ ನಿಂತು, ಎಲ್ಲರಿಗೂ ಕೇಳೋ ಹಾಗೆ. ಆ-ತಿಂಗ ನಂಬಲಿಲ್ಲ, ಅವನ ಬೈಕಿಗೇ ದಾರ ಕಟ್ಟಿ, ನೀವು ಸಮ ಅಂದ ಸಂದು ಬಲಕ್ಕೆ ಎಷ್ಟು ಅಗಲ ಇದೆ ಅಂತ ಮುಂದಿನಿಂದ ತೋರಿಸ್ದೆ. ಆಮೇಲೆ ತುಂಬ ನಕ್ಕರು. ನನ್ನ ನೋಡಿ ನಕ್ಕಿದ್ದಕ್ಕಿಂತ ಜಾಸ್ತೀನೇ ನಕ್ಕರು. ಹ್ಞಾಂ, ಬಾಯಿ ತೆಗೀರಿ, ಗಂಜಿ ಆರ್ತಿದೆ."

ಹಸಿವಾಗಿತ್ತು. ಮೇಸ್ತ್ರಿ ಬಾಯಿ ತೆರೆದ.