ಫೋಟೋದಲ್ಲಿ ಹಿತ್ತಾಳೆ ಹಿಡಿ

ಚಾಮರಾಜಪೇಟೆಯಲ್ಲಿ ನಾನು ಹಳೇ ಗಾಜಿನ ಪ್ಲೇಟಿನ ಮೇಲೆ ಫೋಟೋ ತೆಗೀತಿದ್ದ ಕಾಲ. ಹೆಣ್ಣಿನ ಮನೆಗೆ ಕಳಿಸೋ ಪಟಕ್ಕೆ ಅಂತ ಒಬ್ಬ ಮದುವೆ ಗಂಡು ತಾತನ ಕತ್ತಿ ಹಿಡಿದು ಬಂದ. ಅದರ ಉಕ್ಕಿನ ಹಿಡಿ ಕಪ್ಪುಗಟ್ಟಿತ್ತು.

"ಅಮ್ಮ ಇದನ್ನೇ ಹಿಡ್ಕೊ ಅಂದ್ರು. ದೋಸೆ ಕಾವಲಿ ಥರ ಇದೆ ಸ್ವಾಮಿ. ನಿಮ್ಮ ಗೋಡೆ ಮೇಲಿರೋ ಹಿತ್ತಾಳೆ ಹಿಡಿ ಕತ್ತಿ ಕೊಡಿ, ಬಂಗಾರದ ಹಾಗೆ ಹೊಳೀತಿದೆ."

"ಈ ಪ್ಲೇಟಿನ ಫೋಟೋದಲ್ಲಿ ಹಳದಿಯೆಲ್ಲ ಕಪ್ಪಾಗೇ ಬರತ್ತಪ್ಪ" ಅಂದೆ. ನಂಬಲಿಲ್ಲ. ಗೋಡೆಯ ಕತ್ತಿ ಹಿಡಿದೇ ಫೋಟೋ ತೆಗೆಸಿಕೊಂಡ.

ಪಟ ತಗೊಂಡು ಹೋಗೋ ದಿನ ತಾಯಿಯೂ ಜೊತೆಗೆ ಬಂದರು. ಹಿತ್ತಾಳೆ ಹಿಡಿ ಕಾವಲಿಗಿಂತ ಕಪ್ಪಗೆ ಬಂದಿತ್ತು. ಮಗನ ಮುಖ ಸಪ್ಪಗಾಯಿತು. ತಾಯಿ ಮಾತ್ರ ಪಟ ಕಣ್ಣಿಗೊತ್ತಿಕೊಂಡರು.

"ನಮ್ಮ ಮಾವನವರ ಕತ್ತಿ ಎಷ್ಟು ಚೆನ್ನಾಗಿ ಬಂದಿದೆ! ಸದ್ಯ, ಹೇಳಿದ ಮಾತು ಕೇಳಿದ್ಯಲ್ಲ."

ಅವನು ನನ್ನ ಮುಖ ನೋಡಿದ. ನಾನು ಮೆಲ್ಲಗೆ ಹೋಗಿ ಗೋಡೆಯ ಕತ್ತಿಗೆ ಅಡ್ಡವಾಗಿ ನಿಂತೆ.