ಮಂಚ ಹತ್ತದ ಮನೆ

ನಮ್ಮ ಹಟ್ಟಿಯಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದೂ ಇಲ್ಲ. ಹೆಂಡ ಮುಟ್ಟುವುದಿಲ್ಲ. ಹೆಂಡ ಇಳಿಸುವುದು ಈಚಲು ಮರದಿಂದ, ಅದಕ್ಕೇ ಈಚಲು ಚಾಪೆ, ಈಚಲು ಪೊರಕೆ ಕೂಡ ಮನೆಯೊಳಗೆ ಬರುವಂತಿಲ್ಲ. ನಾನು ಮದುವೆಯಾಗಿ ಸೇರಿದ್ದು ದೇವರ ಎತ್ತು ಕಾಯುವ ಮನೆ. ಆ ಎತ್ತುಗಳನ್ನು ಯಾರೂ ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದೂ ಇಲ್ಲ. ಕಾಯುವವನು ಚಪ್ಪಲಿ ಮೆಟ್ಟಬಾರದು. ಅವನ ಮನೆಯವರು ಯಾರೂ ಮಂಚದ ಮೇಲೆ ಮಲಗಬಾರದು. ಎತ್ತು ಮಲಗುವುದು ನೆಲದ ಮೇಲೆ, ನಾವೂ ಹಾಗೇ.

ಇದನ್ನೆಲ್ಲ ನನಗೆ ಕಲಿಸಿದ್ದು ಅತ್ತೆ. ಕಲಿಸಿದಳು ಅಂದರೆ ಬೈದಳು. ಒಮ್ಮೆ ಚಳ್ಳಕೆರೆ ಸಂತೆಯಿಂದ ಗೊತ್ತಿಲ್ಲದೆ ಈಚಲು ಬುಟ್ಟಿ ತಂದಿದ್ದೆ. ಅದರಲ್ಲಿದ್ದ ಬದನೆಕಾಯಿ ಸಮೇತ ಬೇಲಿಯಾಚೆ ಎಸೆದಳು.

ಒಂದು ವರ್ಷ ಶೇಂಗಾ ಕೀಳುವ ಕೆಲಸ ಮುಗಿದ ಮೇಲೆ, ಕರು ಹಗ್ಗ ಎಳೆದ ರಭಸಕ್ಕೆ ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದಳು. ಏಳಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಚಳ್ಳಕೆರೆಗೆ ಹೋದೆವು. ಡಾಕ್ಟರು ಫೋಟೋ ತೆಗೆಸಿ ನೋಡಿ, ಸೊಂಟದ ಕೆಳಗೆ ಮೂಳೆ ಮುರಿದಿದೆ, ದಾವಣಗೆರೆಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿ ಅಂದರು. ಅತ್ತೆ ಒಲ್ಲೆ ಅಂದಳು. ಮೈಯೊಳಗಿನ ಮೂಳೆ ಹೊರಗಿನವರು ನೋಡುವಂಥದ್ದಲ್ಲವಂತೆ.

"ಹಾಗಾದರೆ ಕಾಲು ಎಳೆದು ಕಟ್ಟಬೇಕು" ಅಂದರು ಡಾಕ್ಟರು. "ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ತುದಿಯಿಂದ ಇಟ್ಟಿಗೆ ನೇತು ಹಾಕಿ. ಎರಡು ತಿಂಗಳು ಬಿಚ್ಚಬೇಡಿ. ಕಟ್ಟದಿದ್ದರೆ ಮೂಳೆ ಅಡ್ಡಾದಿಡ್ಡಿ ಕೂರುತ್ತೆ. ಆಮೇಲೆ ಈಕೆ ಎದ್ದು ನಡೆಯೋದಿಲ್ಲ."

ಮಂಚ ಅಂದ ಕೂಡಲೇ ಅತ್ತೆ ಮುಖ ತಿರುಗಿಸಿದಳು.

ಮನೆಗೆ ಬಂದು ನೆಲದ ಮೇಲೆ ಕಂಬಳಿ ಹಾಸಿ ಮಲಗಿಸಿದೆವು. ಪಟ್ಟಿ ಇತ್ತು, ಹಗ್ಗ ಇತ್ತು, ಇಟ್ಟಿಗೆ ಇತ್ತು. ನೇತಾಡಲು ಜಾಗ ಇರಲಿಲ್ಲ. ನನ್ನ ಗಂಡ ಮೂಲೆಯಲ್ಲಿ ಕೂತು ಬಹಳ ಹೊತ್ತು ಯೋಚಿಸಿದ.

"ಅವ್ವಾ, ಕಾಲಿನತ್ರ ಒಂದು ಗುಂಡಿ ತೋಡ್ತೀನಿ. ಇಟ್ಟಿಗೆ ಅದರಾಗೆ ನೇತಾಡ್ಲಿ. ನೀನು ನೆಲದ ಮೇಲೇ ಇರ್ತೀಯ."

"ಹೆಂಗೂ ತೋಡ್ತೀಯ, ನನ್ನ ಉದ್ದಕ್ಕೇ ತೋಡು" ಅಂದಳು ಅತ್ತೆ. "ಎರಡು ಸಲ ಕೆಲಸ ಯಾಕೆ?"

ಅವನು ಎದ್ದು ಎತ್ತಿನ ಕಡೆ ಹೋದ. ಕಷ್ಟ ಬಂದರೆ ಅವನು ಹೋಗುವುದು ಅಲ್ಲಿಗೇ.

ನಾನು ಬಿಡಲಿಲ್ಲ. ಅತ್ತೆಯ ಮೇಲೆ ಭಾರಿ ಪ್ರೀತಿ ಇತ್ತು ಅಂತಲ್ಲ. ಏಳದ ಮುದುಕಿಯನ್ನು ಹೊರಳಿಸುವವಳು, ತೊಳೆಯುವವಳು, ಬೈಸಿಕೊಳ್ಳುವವಳು ನಾನು. ಎರಡು ತಿಂಗಳಾದರೆ ಮಾಡುತ್ತೇನೆ. ಬದುಕಿರುವ ತನಕ ಆಗುವುದಿಲ್ಲ. ಇವಳು ನಡೆಯಲೇಬೇಕು ಅಂತ ಗಟ್ಟಿ ಮಾಡಿಕೊಂಡೆ.

ಬೆಳಿಗ್ಗೆ ಗೋಡೆ ಪಕ್ಕ ಕಲ್ಲು ಜೋಡಿಸತೊಡಗಿದೆ. ಒಂದು ಆಳು ಉದ್ದ, ಕಾಲಿನ ತುದಿಯಲ್ಲಿ ಇಟ್ಟಿಗೆ ನೇತಾಡಲು ಖಾಲಿ ಜಾಗ. ಒಳಗೆ ಮಣ್ಣು ತುಂಬಿ ತುಳಿದೆ.

"ಏನೇ ಅದು?" ಅಂದಳು ಅತ್ತೆ.

"ಕಟ್ಟೆ."

"ಮಂಚ."

"ಮಂಚಕ್ಕೆ ಕಾಲಿರ್ತಾವೆ ಅತ್ತೆ. ಇದಕ್ಕೆ ಎಲ್ಲೈತೆ?"

"ನಿನ್ನ ಬಾಯಿಗೇ ಕಾಲೈತೆ, ಎಲ್ಲಾ ಕಡೆ ಓಡ್ತೈತೆ" ಅಂದಳು. ಆಮೇಲೆ ತೆಲುಗಿಗೆ ತಿರುಗಿದಳು. ತೆಲುಗಿಗೆ ಹೋದಳು ಅಂದರೆ ನಿಜವಾದ ಸಿಟ್ಟು. ಮಗನನ್ನು ಕೂಗಿ ಹಟ್ಟಿ ಯಜಮಾನರಿಗೆ ಹೇಳಿ ಕಳಿಸಿದಳು.

ಯಜಮಾನರು ಬಂದರು. ತಲೆಬಾಗಿಲಲ್ಲೇ ನಿಂತು ನೋಡಿದರು. ಕಟ್ಟೆ ಆಗ ಮೊಣಕಾಲುದ್ದ ಎದ್ದಿತ್ತು.

"ಮಂಚಕ್ಕೂ ಇದಕ್ಕೂ ಏನವ್ವ ಫರಕು?"

"ಮಂಚನಾದ್ರೆ ಇಬ್ಬರು ಹಿಡಿದು ಹೊರಗೆ ಒಯ್ಯಬೌದು, ಯಜಮಾನ್ರೇ. ಇದನ್ನ ಎತ್ತಿ ನೋಡ್ರಿ. ಇದು ಈ ಮನೆ ನೆಲಾನೇ. ಇದೇ ಮಣ್ಣು, ಇದೇ ಕಲ್ಲು. ವಸಿ ಎದ್ದು ನಿಂತೈತೆ."

ಅವರು ಗಲ್ಲ ಕೆರೆದುಕೊಂಡರು. "ನೆಲ ಇಷ್ಟು ಎದ್ದು ನಿಲ್ತದಾ? ಒಂದು ಗೇಣು ಇರ್ಲಿ, ನಾನು ಒಪ್ತೀನಿ."

ನಾನು ಇಟ್ಟಿಗೆಗೆ ಹಗ್ಗ ಕಟ್ಟಿದೆ. ಒಂದು ಗೇಣು ಎತ್ತರದ ಕಲ್ಲಿನ ಮೇಲಿಂದ ಇಟ್ಟಿಗೆಯನ್ನು ಹಗ್ಗದಲ್ಲಿ ಇಳಿಬಿಟ್ಟೆ. ಇಟ್ಟಿಗೆ ನೆಲಕ್ಕೆ ಕೂತಿತು, ಹಗ್ಗ ಸಡಿಲವಾಯಿತು. ಅದೇ ಹಗ್ಗವನ್ನು ನನ್ನ ಕಟ್ಟೆಯ ಮೇಲಿಂದ ಬಿಟ್ಟೆ. ಇಟ್ಟಿಗೆ ತೂಗಾಡಿತು, ಹಗ್ಗ ಬಿಗಿಯಾಯಿತು.

"ಕೂತಿರೋ ಇಟ್ಟಿಗೆ ಕಾಲು ಎಳೀತದಾ, ನೀವೇ ಹೇಳ್ರಿ."

ಯಜಮಾನರು ಹಗ್ಗವನ್ನು ಬೆರಳಿನಿಂದ ಮೀಟಿ ನೋಡಿದರು. ಅತ್ತೆಯ ಕಡೆ ತಿರುಗಿ, "ಅಕ್ಕಾ, ವಾರಕ್ಕೊಂದು ಸಲ ಸಗಣಿ ಸಾರಿಸ್ಲಿ. ಸಾರಿಸಿದ್ದು ನೆಲ. ಇನ್ನು ಇದರ ಮಾತು ಬ್ಯಾಡ" ಅಂದರು.

"ನೀನೂ ಅವಳ ಕಡೇನೇ ಸೇರ್ದ್ಯಾ" ಅಂದಳು ಅತ್ತೆ.

ಯಜಮಾನರು ಒಪ್ಪಿದರು ಅಂತ ಗೊತ್ತಾದ ಮೇಲೆ ಹಟ್ಟಿಗೆ ಹಟ್ಟಿಯೇ ಬಂತು. ನಮ್ಮಲ್ಲಿ ಯಾರ ಮನೆ ಗೋಡೆ ಬಿದ್ದರೂ ಹಾಗೇ, ಕರೆಯಬೇಕಾಗಿಲ್ಲ. ಗಂಡಸರು ಕಲ್ಲು ತಂದರು, ಹೆಂಗಸರು ಮಣ್ಣು ಕಲಸಿದರು. ಅತ್ತೆ ಮಲಗಿದಲ್ಲಿಂದಲೇ ಆ ಕಲ್ಲು ಸೊಟ್ಟ, ಈ ಮೂಲೆ ತಗ್ಗು ಅಂತ ಹೇಳುತ್ತಿದ್ದಳು. ಬೇಡ ಅಂದವಳೇ ಮೇಸ್ತ್ರಿಯಾದಳು. ಹಗ್ಗ ಕಲ್ಲಿಗೆ ಉಜ್ಜಿ ಹರಿಯಬಾರದು ಅಂತ ನನ್ನ ಗಂಡ ಹಳೇ ಬಾವಿಯ ರಾಟೆ ತಂದು ತುದಿಗೆ ಹೂಡಿದ. ಕಟ್ಟೆ ಒಣಗಿದ ದಿನ ನಾಲ್ಕು ಜನ ಕಂಬಳಿ ಹಿಡಿದು ಅವಳನ್ನು ಮೇಲೆ ಮಲಗಿಸಿದರು. ಅತ್ತೆ ಮೊದಲು ಅಂಗೈಯಿಂದ ಕಟ್ಟೆ ಸವರಿದಳು. ಸಗಣಿಯ ತಂಪು ತಾಗಿರಬೇಕು. ಆಮೇಲೆ ಕಾಲಿಗೆ ಪಟ್ಟಿ ಸುತ್ತಿಸಿಕೊಂಡಳು.

ಎರಡು ತಿಂಗಳು ಸುಖದ್ದಲ್ಲ. ಬೆನ್ನು ಹುಣ್ಣಾಗದಂತೆ ಹೊತ್ತು ಹೊತ್ತಿಗೆ ಒಂದು ಪಕ್ಕ ಎತ್ತಿ ಗಾಳಿ ಹಾಕಿದೆ, ಪುಡಿ ಹಚ್ಚಿದೆ. ಕಾಲು ನೋಯುತ್ತೆ, ಇಟ್ಟಿಗೆ ತೆಗಿ ಅಂತ ಅತ್ತಳು. ತೆಗೆಯಲಿಲ್ಲ. ಒಂದು ದಿನ ಮಗನ ಕೈಲಿ ಬಿಚ್ಚಿಸಲು ನೋಡಿದಳು. ಅವನ ಕೈಗೆ ಒಂದು ಕೊಟ್ಟೆ. ಅವತ್ತು ಇಬ್ಬರೂ ನನ್ನ ಜೊತೆ ಮಾತಾಡಲಿಲ್ಲ. ನನಗೂ ಬಿಡುವಾಯಿತು.

ಪಟ್ಟಿ ಬಿಚ್ಚಿ, ಡಾಕ್ಟರಿಗೆ ತೋರಿಸಿಕೊಂಡು ಬಂದ ಮೇಲೆ ಕಟ್ಟೆಯ ಅಂಚಿಗೆ ಕೂರಿಸಿದೆ. ಪಾದ ಎರಡೂ ನೆಲ ಮುಟ್ಟಿದವು. ದನ ಕಾಯುವ ಕೋಲು ಕೈಗೆ ಕೊಟ್ಟೆ. ಕಂಕುಳಿಗೆ ಕೈ ಹಾಕಲು ಹೋದರೆ ತಳ್ಳಿದಳು. ಕಾಲು ನಡುಗಿತು, ಕೂತಳು. ಮತ್ತೆ ಎದ್ದಳು. ಹೀಗೇ ಮಾಡಿ ಮಾಡಿ, ಒಂದು ವಾರ ಕಳೆದ ಮೇಲೆ ಕುಂಟುತ್ತಾ ಕೊಟ್ಟಿಗೆಯ ತನಕ ಹೋಗಿ ಎತ್ತಿನ ಹಣೆ ಮುಟ್ಟಿ ಬಂದಳು.

ಅವತ್ತೇ ನೆಲದ ಮೇಲೆ ಕಂಬಳಿ ಹಾಸು ಅಂದಳು. ಹಾಸಿದೆ.

"ನಾಳೆ ಆ ಕಟ್ಟೆ ಕೆಡವು" ಅಂದಳು.

"ಕೆಡವಲ್ಲ ಅತ್ತೆ. ಈ ಮನೇಲಿ ಮುರಿಯೋ ಮೂಳೆ ನಿಂದೊಂದೇ ಅಲ್ಲ."

ತೆಲುಗಿನಲ್ಲಿ ಬೈದಳು. ಕೋಲು ಊರಿಕೊಂಡು ನನ್ನ ಹಿಂದೆ ಒಲೆಯವರೆಗೂ ನಡೆದು ಬಂದು ಬೈದಳು.